ಕೊನೆಯ ನಿಲ್ದಾಣದ ಹದಿನೈದು ನಿಮಿಷ

ಕಚೇರಿಯಲ್ಲಿ ನನಗೆ ಇಟ್ಟಿರುವ ಹೆಸರು ಕಿಲೋಮೀಟರ್ ಅಕ್ಕ. ಬೇರೆ ಹೆಸರುಗಳೂ ಇವೆ, ಅವನ್ನು ಬಿಡಿ. ಏಳು ಡಿಪೋಗಳ ಚಾಲಕರು ದಿನಕ್ಕೆ ಎಷ್ಟು ದೂರ ಬಸ್ಸು ಓಡಿಸಿದರು ಎಂಬುದನ್ನು ಒಂದು ಎಕ್ಸೆಲ್ ಹಾಳೆಗೆ ಇಳಿಸಿ, ಒಬ್ಬೊಬ್ಬರದ್ದೂ ಇವತ್ತಿನವರೆಗೆ ಎಷ್ಟಾಯಿತು ಎಂದು ಹೇಳುವುದು ನನ್ನ ಕೆಲಸ. ಮೊದಲು ಸಾಲುಗಳನ್ನು ಹೆಸರಿನ ಪ್ರಕಾರ, ಆಮೇಲೆ ತಾರೀಖಿನ ಪ್ರಕಾರ ಜೋಡಿಸಬೇಕು. ಕೊನೆಯ ಕಾಲಮ್ಮಿನಲ್ಲಿ ಒಂದು ಸೂತ್ರ: ಈ ಸಾಲಿನ ಹೆಸರು ಮೇಲಿನ ಸಾಲಿನದೇ ಆಗಿದ್ದರೆ ಮೇಲಿನ ಮೊತ್ತಕ್ಕೆ ಇವತ್ತಿನದನ್ನು ಕೂಡು, ಹೆಸರು ಬದಲಾದರೆ ಹೊಸದಾಗಿ ಶುರುಮಾಡು. ಇಷ್ಟೇ. ಇದನ್ನು ಕಲಿಸಲು ಹೋಗಿ ಮೂರು ಜನರ ಜೊತೆ ಮಾತು ಬಿಟ್ಟಿದ್ದೇನೆ.

ಆ ಹಾಳೆಯಲ್ಲಿರುವ ಅರವತ್ತೆರಡು ಹೆಸರುಗಳಲ್ಲಿ ಒಂದು ನನ್ನ ಗಂಡನದು. ದೂರದ ಮಾರ್ಗ. ಸಂಜೆ ಹೊರಟು, ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ಆ ತುದಿ ಮುಟ್ಟುತ್ತಾರೆ. ಅಂದೇ ರಾತ್ರಿ ವಾಪಸು. ಮೂರು ರಾತ್ರಿಗಳಲ್ಲಿ ಒಂದು ರಾತ್ರಿ ಮನೆಯಲ್ಲಿ. ವಾಪಸು ಬಂದ ದಿನ ಅವರು ಗೇಟು ತೆಗೆಯುವುದಕ್ಕೂ ನಾನು ಚಪ್ಪಲಿ ಮೆಟ್ಟುವುದಕ್ಕೂ ಸರಿಹೋಗುತ್ತದೆ. ಎಂಟು ಇಪ್ಪತ್ತೈದು. ನನ್ನ ಬಸ್ಸು ಎಂಟೂವರೆಗೆ. ಆ ಗಡಿಬಿಡಿಯಲ್ಲಿ ಈ ಮನುಷ್ಯ ಕೇಳುವುದು ಒಂದೇ, ಚಹಾ ಇದೆಯಾ. ಬಸ್ಸನ್ನು ಡಿಪೋಗೆ ಬಿಡುವ ಮೊದಲು ಕೊನೆಯ ನಿಲ್ದಾಣದಲ್ಲಿ ಚಾಲಕರಿಗೆ ಚಹಾಕ್ಕೆಂದೇ ಹದಿನೈದು ನಿಮಿಷ ಬಿಡುವಿದೆ, ಅಲ್ಲಿ ಕುಡಿಯುವುದಕ್ಕೇನು ಕಷ್ಟ ಎಂದು ಎಷ್ಟು ಸಲ ರೇಗಿದ್ದೇನೋ. ಹೊರಗಿನ ಚಹಾ ಹಿಡಿಸುವುದಿಲ್ಲ ಎನ್ನುತ್ತಾರೆ. ಫ್ಲಾಸ್ಕಿನಲ್ಲಿದೆ ಎಂದು ಬೆರಳು ತೋರಿಸಿ ನಾನು ಓಡುತ್ತೇನೆ.

ಎಂಟು ವರ್ಷ ಹೀಗೇ ಕಳೆಯಿತು. ಮಾತನಾಡಬೇಕಾದದ್ದನ್ನೆಲ್ಲ ಉಪ್ಪಿನ ಡಬ್ಬಿಯ ಕೆಳಗೆ ಚೀಟಿ ಬರೆದಿಡುತ್ತಿದ್ದೆವು. ಗ್ಯಾಸ್ ಬುಕ್ ಮಾಡಿದ್ದೇನೆ. ಹಲ್ಲು ನೋವು ಹೇಗಿದೆ. ನನಗೆ ಚೀಟಿ ಸಾಕಾಗಿಹೋಗಿತ್ತು. ನನಗೆ ಅವರು ಬೇಕಾಗಿತ್ತು. ಸಂಜೆ ಆರೂವರೆಗೆ ಬೂಟು ಬಿಚ್ಚಿ ದಾರಿಗಡ್ಡ ಇಟ್ಟು ನನ್ನಿಂದ ಬೈಸಿಕೊಳ್ಳುವ ಗಂಡ ಬೇಕಾಗಿತ್ತು. ಮನೆಯ ಕಂಪ್ಯೂಟರಿನಲ್ಲಿ ಅವರು ಮನೆಯಲ್ಲಿದ್ದ ರಾತ್ರಿಗಳದ್ದೇ ಒಂದು ಹಾಳೆ ಇಟ್ಟಿದ್ದೆ, ಅದೇ ಸೂತ್ರ, ಹೆಸರಿನ ಜಾಗದಲ್ಲಿ ವರ್ಷ. ಹೊಸ ವರ್ಷ ಬಂದಾಗಲೆಲ್ಲ ಮೊತ್ತ ಮತ್ತೆ ಒಂದಕ್ಕೆ ಬಂದು ನಿಲ್ಲುತ್ತಿತ್ತು. ಆದರೂ ದಿನಾ ತೆರೆದು ನೋಡುತ್ತಿದ್ದೆ.

ಇದಕ್ಕೆಲ್ಲ ಇದ್ದ ಮದ್ದು ಒಂದೇ, ಹತ್ತಿರದ ಮಾರ್ಗ. ಬೆಳಿಗ್ಗೆ ಹತ್ತಿಂದ ಸಂಜೆ ಆರು. ಅದು ಖಾಲಿಯಾಗುವುದೇ ಅಪರೂಪ, ಈ ಸಲ ಖಾಲಿಯಾಗಿತ್ತು. ಅಪಘಾತವಿಲ್ಲದೆ ಎಂಟು ಲಕ್ಷ ಕಿಲೋಮೀಟರ್ ಯಾರು ಮೊದಲು ಮುಗಿಸಿದ್ದಾರೋ ಅವರಿಗೆ ಎಂಬುದು ನಿಯಮ. ತಿಂಗಳ ಮೂರನೇ ತಾರೀಖು ನಮ್ಮವರ ಸಾಲಿನಲ್ಲಿ ಎಂಟು ಲಕ್ಷದ ಮುನ್ನೂರು ಎಂದು ಬಂತು. ಹತ್ತೊಂಬತ್ತಕ್ಕೆ ಇನ್ನೊಬ್ಬ ಚಾಲಕ, ಗುಂಗುರು ಕೂದಲಿನವನು, ಎಂಟು ಲಕ್ಷ ದಾಟಿದ. ಹದಿನಾರು ದಿನ ತಡ, ಪಾಪ. ಪಾಪ ಎಂದದ್ದು ಬಾಯಿಮಾತಿಗೆ. ಒಮ್ಮೆ ನನ್ನ ಎದುರಿಗೇ ನನ್ನನ್ನು ಗೊಣಗುವ ಪೆಟ್ಟಿಗೆ ಎಂದವನು ಅವನು. ಶುಕ್ರವಾರ ಮೇಲಧಿಕಾರಿಗಳು ಪಟ್ಟಿಗೆ ಸಹಿ ಹಾಕುವವರಿದ್ದರು. ನಾನು ಸೋಮವಾರವೇ ಬಾಲ್ಕನಿಗೆ ಎರಡನೇ ಕುರ್ಚಿ ತಂದೆ.

ಬುಧವಾರ ಮಧ್ಯಾಹ್ನ ಊಟವಾದ ಮೇಲೆ, ಕೆಲಸವಿದ್ದು ಅಲ್ಲ, ಸುಮ್ಮನೆ ಕಣ್ಣಿಗೆ ಹಬ್ಬವಾಗಲಿ ಎಂದು ನಮ್ಮವರ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋದೆ. ದಿನಕ್ಕೆ ನಾನೂರ ಇಪ್ಪತ್ತು, ನಾನೂರ ಇಪ್ಪತ್ತು. ನಡುವೆ ಒಂದು ಕಡೆ ಮೊತ್ತ ಎಂಟು ಸಾವಿರದ ನಾನೂರು ಜಿಗಿದಿತ್ತು, ಒಂದೇ ಸಾಲಿನಲ್ಲಿ. ನನ್ನ ಗಂಡನ ಬಸ್ಸಿಗೆ ರೆಕ್ಕೆ ಬಂದಿತ್ತೇ? ಆ ಸಾಲಿನ ಕೊನೆಗೆ ‘ತಿಂಗಳ ಒಟ್ಟು’ ಎಂದು ಬರೆದಿತ್ತು. ಎರಡು ವರ್ಷದ ಹಿಂದೆ ಅಮ್ಮನ ಕಾಲು ಮುರಿದು ನಾನು ಮೂರು ತಿಂಗಳು ತವರಿನಲ್ಲಿದ್ದೆ. ಆಗ ನನ್ನ ಕುರ್ಚಿಯಲ್ಲಿ ಕೂತ ಮಹಾಶಯ, ಅಂದವಾಗಿ ಕಾಣಲೆಂದು, ಒಬ್ಬೊಬ್ಬ ಚಾಲಕನ ಕೆಳಗೂ ತಿಂಗಳಿಗೊಂದು ಒಟ್ಟು ಸಾಲು ಸೇರಿಸಿದ್ದ, ಚಾಲಕನ ಹೆಸರನ್ನೂ ಹಾಕಿ. ಸೂತ್ರಕ್ಕೇನು ಗೊತ್ತು? ಹೆಸರು ಅದೇ ಇದೆ, ಕೂಡಿತು. ದಿನದ ಓಟವನ್ನೂ ಕೂಡಿತು, ಅದೇ ಓಟದ ಒಟ್ಟನ್ನೂ ಮತ್ತೆ ಕೂಡಿತು. ಮೂರು ತಿಂಗಳಿಗೆ ಇಪ್ಪತ್ತೈದು ಸಾವಿರದ ಇನ್ನೂರು ಹೆಚ್ಚು. ಗುಂಗುರಿನವನ ಸಾಲುಗಳು ಮಾತ್ರ ಚೊಕ್ಕವಾಗಿದ್ದವು. ಆ ಮೂರು ತಿಂಗಳು ಅವನು ಎರವಲು ಸೇವೆಯ ಮೇಲೆ ಬೇರೆ ಊರಿನ ಡಿಪೋದಲ್ಲಿದ್ದ, ಅವನ ಲೆಕ್ಕ ಅಲ್ಲಿಂದಲೇ ಬರುತ್ತಿತ್ತು.

ಎಂಟು ಲಕ್ಷ ಮುಗಿಸಿದ್ದವನು ಅವನೊಬ್ಬನೇ. ಹತ್ತಿರದ ಮಾರ್ಗ ಇನ್ನೊಮ್ಮೆ ಖಾಲಿಯಾಗುವುದು ಇನ್ನು ನಾಲ್ಕು ವರ್ಷದ ಮೇಲೆ.

ಫೈಲು ಮುಚ್ಚಿದೆ. ಯಾರಿಗೆ ಗೊತ್ತಾಗುತ್ತದೆ? ಈ ಹಾಳೆಯನ್ನು ಓದಬಲ್ಲವಳು ಇಡೀ ಕಟ್ಟಡದಲ್ಲಿ ನಾನೊಬ್ಬಳೇ. ತಪ್ಪು ನಾನು ಮಾಡಿದ್ದೂ ಅಲ್ಲ. ಎಂಟು ವರ್ಷ ಕಾದವಳು ನಾನು. ಹೀಗೆಲ್ಲ ನನಗೆ ನಾನೇ ವಕಾಲತ್ತು ಮಾಡಿಕೊಳ್ಳುತ್ತಿರುವಾಗ ಫೋನು ಬಡಿದುಕೊಂಡಿತು. ಗುಂಗುರಿನವನ ಹೆಂಡತಿ. ತಿಂಗಳಿಗೊಮ್ಮೆ ತಪ್ಪದೆ ಫೋನು ಮಾಡುವವಳು, ಮುಖ ನೋಡಿಲ್ಲ.

“ಅಕ್ಕಾ, ನಮ್ಮವರದ್ದು ಎಷ್ಟಾಯ್ತು?”

ಮುಚ್ಚಿದ ಫೈಲನ್ನು ಮತ್ತೆ ತೆರೆದೆ. ನಾನು ತಡಮಾಡಿದ್ದನ್ನು ಅವಳು ಬೇರೆ ರೀತಿ ತಿಳಿದಳು. ಈ ಸಲ ಆಗಲಿಲ್ಲ ಅಂತ ಗೊತ್ತು, ಯಾರೋ ಮೊದಲೇ ಮುಗಿಸಿದರಂತೆ ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, “ಕೇಳಿದ್ರೆ ಒಂಥರಾ ಸಮಾಧಾನ ಅಕ್ಕಾ. ಎಷ್ಟು ಹತ್ರ ಬಂದ್ರು ಅಂತ ಅನ್ಸತ್ತೆ” ಎಂದಳು.

ಅವಳು ನನ್ನ ಹೊಟ್ಟೆಯೊಳಗಿನ ಮಾತನ್ನೇ ಆಡಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಅಳುವೂ ಬಂತು.

“ನಿಮ್ಮವರೇ ಮೊದಲು,” ಎಂದೆ. “ಲೆಕ್ಕದಲ್ಲಿ ತಪ್ಪಿತ್ತು. ನಾನು ಸರಿ ಮಾಡ್ತಿದೀನಿ.”

ಫೋನಿಟ್ಟು ಆ ಒಟ್ಟು ಸಾಲುಗಳನ್ನೆಲ್ಲ ಹುಡುಕಿ ಅಳಿಸಿದೆ. ನಮ್ಮವರ ಮೂರನೇ ತಾರೀಖಿನ ಎಂಟು ಲಕ್ಷ ಏಳು ಲಕ್ಷದ ಎಪ್ಪತ್ತೈದು ಸಾವಿರವಾಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಆ ಸಂಜೆ ಅವರು ಮನೆಯಲ್ಲಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ, “ನಿಮ್ಮದು ಇಪ್ಪತ್ತೈದು ಸಾವಿರ ಕಮ್ಮಿಯಾಯ್ತು. ನಾನೇ ಕಮ್ಮಿ ಮಾಡಿದೆ.”

“ಲೆಕ್ಕ ಸರಿಯಾಗಿದ್ಯಾ?”

“ಸರಿಯಾಗಿದೆ.”

“ಹಾಗಾದ್ರೆ ಆಯ್ತು ಬಿಡು.”

ಅಷ್ಟು ಹೇಳಿ ಹೊಸ ಕುರ್ಚಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಬಿಚ್ಚಿ, ನಾಲ್ಕು ಮಡಿಕೆ ಮಡಚಿ, ಅಟ್ಟದ ಮೇಲಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ‘ಆಯ್ತು ಬಿಡು’ ಎದೆಗೆ ನಾಟಿತು. ಇನ್ನೂ ನಾಲ್ಕು ವರ್ಷ ಎಂದರೆ ಇವರಿಗೆ ಏನೂ ಅನ್ನಿಸುವುದೇ ಇಲ್ಲವೇ? ಕಾದದ್ದು ನಾನೊಬ್ಬಳೇ, ಇವರಿಗೆ ಸ್ಟೇರಿಂಗ್ ಒಂದಿದ್ದರೆ ಸಾಕು ಎಂದು ನನ್ನೊಳಗೆ ತೀರ್ಮಾನವಾಗಿಹೋಯಿತು. ಎರಡು ದಿನ ಚೀಟಿಯನ್ನೂ ಬರೆಯಲಿಲ್ಲ.

ಶುಕ್ರವಾರ ಗುಂಗುರಿನವನ ಹೆಸರಿಗೆ ಸಹಿ ಬಿತ್ತು. ಒಂದು ತಪ್ಪು ಸಿಕ್ಕಿದ ಮೇಲೆ ಇನ್ನೆಷ್ಟಿವೆಯೋ, ಮೂಲ ಹಾಳೆಗಳೊಂದಿಗೆ ಎಲ್ಲವನ್ನೂ ತಾಳೆ ನೋಡಿ ಎಂದು ಮೇಲಧಿಕಾರಿಗಳು ಅಪ್ಪಣೆ ಮಾಡಿದರು. ಅವರಿಗೇನು, ಬಾಯಲ್ಲಿ ಹೇಳಿದರಾಯಿತು. ನಾನು ಎಂಟು ವರ್ಷದಿಂದ ಮರೆಮಾಡಿಟ್ಟಿದ್ದ ಕಾಲಮ್ಮುಗಳನ್ನೆಲ್ಲ ತೆರೆದೆ. ಅದರಲ್ಲಿ ಒಂದರ ತಲೆಬರಹ ‘ವಾಪಸು ಬಂದಾಗ ಕೊನೆಯ ನಿಲ್ದಾಣದಲ್ಲಿ ನಿಂತ ನಿಮಿಷ’. ಕಿಲೋಮೀಟರಿಗೆ ಸಂಬಂಧವಿಲ್ಲವೆಂದು ಅದನ್ನು ಎಂದೂ ನೋಡಿರಲಿಲ್ಲ. ಎಲ್ಲ ಚಾಲಕರ ಮುಂದೆಯೂ ಹದಿನೈದು, ಹದಿನೈದು, ಕೆಲವು ಕಡೆ ಇಪ್ಪತ್ತು. ನಮ್ಮವರ ಹೆಸರಿನ ಮುಂದೆ ಸೊನ್ನೆ. ಸೊನ್ನೆ. ಪುಟಗಟ್ಟಲೆ ಸೊನ್ನೆ.

ಬರೆಯಲು ಸೋಮಾರಿತನ ಎಂದುಕೊಂಡೆ. ಆದರೆ ನಡುನಡುವೆ ಹದಿನೈದೂ ಇತ್ತು. ತಾರೀಖು ನೋಡಿದೆ: ಭಾನುವಾರ. ಇನ್ನೊಂದು, ಅದೂ ಭಾನುವಾರ. ಒಂದು ಕಡೆ ಸಾಲಾಗಿ ಮೂರು ತಿಂಗಳು ಹದಿನೈದೇ ಇತ್ತು. ನಾನು ಅಮ್ಮನ ಮನೆಯಲ್ಲಿದ್ದ ಮೂರು ತಿಂಗಳು.

ಹೊರಗಿನ ಚಹಾ ಅವರಿಗೆ ಚೆನ್ನಾಗಿಯೇ ಹಿಡಿಸುತ್ತಿತ್ತು. ನಾನು ಗೇಟಿನಲ್ಲಿ ಸಿಗುವ ದಿನ ಮಾತ್ರ ಹಿಡಿಸುತ್ತಿರಲಿಲ್ಲ. ರಾತ್ರಿಯಿಡೀ ಓಡಿಸಿ ಬಂದವರು ಅಲ್ಲಿ ಚಹಾಕ್ಕೆ ಇಳಿದಿದ್ದರೆ ಮನೆ ಮುಟ್ಟುವಾಗ ಎಂಟು ನಲವತ್ತು. ನಾನು ಹೋಗಿಯಾಗಿರುತ್ತಿತ್ತು.

ಪಕ್ಕದ ಖಾಲಿ ಕಾಲಮ್ಮಿನಲ್ಲಿ ಅದೇ ಸೂತ್ರ ಬರೆದೆ. ಹೆಸರು ಅದೇ ಆಗಿದ್ದರೆ ಬಿಟ್ಟ ನಿಮಿಷಗಳನ್ನು ಕೂಡು. ಹದಿನೈದು, ಮೂವತ್ತು, ನಲವತ್ತೈದು ಎಂದು ಹೊರಟದ್ದು ಕೊನೆಯ ಸಾಲಿಗೆ ಬಂದಾಗ ಹನ್ನೊಂದು ಸಾವಿರದ ನೂರು. ಏಳುನೂರ ನಲವತ್ತು ಬೆಳಗುಗಳು. ಏಳು ದಿನ ಹದಿನೇಳು ಗಂಟೆ. ಗೇಟಿನ ಬಳಿ ನನ್ನನ್ನು ಎರಡೆರಡು ನಿಮಿಷ ನೋಡುವುದಕ್ಕೆ. ಆ ಎರಡು ನಿಮಿಷವೂ ನಾನು ಫ್ಲಾಸ್ಕು ತೋರಿಸಿ ರೇಗುತ್ತಿದ್ದೆ. ಕಚೇರಿಯ ನಡುವೆ, ಎಲ್ಲರೂ ನೋಡುತ್ತಿದ್ದಂತೆ, ಬಿಕ್ಕಿ ಬಿಕ್ಕಿ ಅತ್ತೆ. ಕಿಲೋಮೀಟರ್ ಅಕ್ಕ ಅಳುವುದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಹತ್ತಿರ ಬರುವ ಧೈರ್ಯ ಯಾರಿಗೂ ಆಗಲಿಲ್ಲ.

ಮುಖ ತೊಳೆದು ಮೇಲಧಿಕಾರಿಗಳ ಕೋಣೆಗೆ ಹೋದೆ. ಇನ್ನು ಮುಂದೆ ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ತಡವಾಗಿ ಬರುತ್ತೇನೆ, ಸಂಜೆ ಹದಿನೈದು ನಿಮಿಷ ಹೆಚ್ಚು ಕೂರುತ್ತೇನೆ ಎಂದೆ. ಕಾರಣ ಕೇಳಿದರು. ಮನೆಯಲ್ಲಿ ಚಹಾ ಮಾಡಬೇಕು ಎಂದೆ. ನನ್ನ ಕೆಂಪು ಕಣ್ಣು ನೋಡಿ ಆಗಲಿ ಎಂದರು.

ಶನಿವಾರ, ಎಂಟು ಇಪ್ಪತ್ತೈದಕ್ಕೆ ಸರಿಯಾಗಿ ಗೇಟು ಕಿರುಗುಟ್ಟಿತು. ನಾನು ಬಾಲ್ಕನಿಯಲ್ಲಿ ಕೂತಿದ್ದೆ, ಪಕ್ಕದಲ್ಲಿ ಹೊಸ ಕುರ್ಚಿ, ಎರಡು ಲೋಟ ಬಿಸಿ ಚಹಾ. ಅವರು ಗಾಬರಿಯಿಂದ ಗಡಿಯಾರ ನೋಡಿಕೊಂಡರು.

“ಆಫೀಸಿಲ್ವಾ ಇವತ್ತು?”

“ಇದೆ. ಹದಿನೈದು ನಿಮಿಷ ಬಿಟ್ಟು.”

ಅವರು ನನ್ನನ್ನೇ ನೋಡಿದರು. ಸಿಕ್ಕಿಬಿದ್ದವರ ಹಾಗೆ ಕಿವಿಯವರೆಗೂ ಕೆಂಪಾದರು. ಬೂಟು ಬಿಚ್ಚಿ ದಾರಿಗಡ್ಡವೇ ಇಟ್ಟು ಬಂದು ಕೂತರು. ನಾನು ಬೈಯಲಿಲ್ಲ. ಇಬ್ಬರೂ ಚಹಾ ಕುಡಿದೆವು. ಲೋಟ ಖಾಲಿಯಾದ ಮೇಲೂ ಅವರು ಅದನ್ನು ಕೆಳಗಿಡಲಿಲ್ಲ.

ಅಂದು ಸಂಜೆ ಮನೆಯ ಹಾಳೆ ತೆರೆದೆ. ಅವರು ಬಿಟ್ಟ ನಿಮಿಷಗಳನ್ನೆಲ್ಲ ಅವರ ಹೆಸರಿನ ಸಮೇತ ಅಲ್ಲಿಗೆ ತಂದು, ಅದರ ಕೆಳಗೆ ಹೊಸ ಸಾಲಿನಲ್ಲಿ ನನ್ನ ಹೆಸರು ಬರೆದು ಹದಿನೈದು ಎಂದು ಹಾಕಿದೆ. ಹೆಸರು ಬದಲಾದದ್ದರಿಂದ ಮೊತ್ತ ಹೊಸದಾಗಿ ಶುರುವಾಯಿತು. ಹನ್ನೊಂದು ಸಾವಿರದ ನೂರರ ಕೆಳಗೆ ನನ್ನ ಹದಿನೈದು.