ಗುಂಡು ಹೇಳಿದ ಅಂಕಿ

ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಕೈದಾಟಿ ಬರುವ ಹಳೆಯ ಲ್ಯಾಬ್ ರಿಪೋರ್ಟನ್ನು ಕೊರಿಯಾದ ನಮ್ಮ ಡೇಜಾನ್‌ನ ಹುಡುಗರು ‘ವಂಶಾವಳಿ’ ಎನ್ನುತ್ತಾರೆ. ಅದಿಲ್ಲದೆ ಮೊದಲ ವರ್ಷದ ಫಿಸಿಕ್ಸ್ ಲ್ಯಾಬಿಗೆ ಕಾಲಿಡುವವರು ಪೆದ್ದರು. ನಾನು ಪೆದ್ದಿಯಾಗಿರಲಿಲ್ಲ. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವತ್ತು ಲೋಲಕದ ಪ್ರಯೋಗ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ದಪ್ಪ ಕಬ್ಬಿಣದ ಚಾಚು, ಅದರಿಂದ ಇಳಿದ ತಂತಿ, ತುದಿಯಲ್ಲಿ ಗುಂಡು. ಗುಂಡು ಹೋಗಿ ಬರುವ ಹೊತ್ತನ್ನು ಅಳೆದರೆ ಗುರುತ್ವದ ಬೆಲೆ ಸಿಗುತ್ತದೆ. ವಂಶಾವಳಿಯಲ್ಲಿ ೯.೭೯ ಇತ್ತು. ನಮಗೆ ಮೊದಲು ೯.೬೨ ಬಂತು, ಆಮೇಲೆ ೯.೪೮, ಮೂರನೆಯ ಸಲ ೯.೩೧.

“ಇಳೀತಾನೇ ಇದೆಯಲ್ಲೋ! ಮೇಲೆ ಆ ಚಾಚು ಅಲ್ಲಾಡ್ತಿದೆ ಅನ್ಸುತ್ತೆ, ನೋಡು,” ಎಂದೆ.

ನನ್ನ ಜೊತೆಗಾರ ಕ್ಯುಹೋ ತಲೆಯೆತ್ತಲೂ ಇಲ್ಲ. “ಅಲ್ಲಾಡ್ತಿರೋದು ನಿನ್ನ ಹೆಬ್ಬೆರಳು. ಸ್ಟಾಪ್‌ವಾಚ್ ಒತ್ತೋಕೂ ಬರಲ್ಲ ಮಹಾರಾಣಿಗೆ. ಆರು ವರ್ಷದಿಂದ ಎಲ್ರಿಗೂ ಬಂದಿರೋದು ೯.೭೯. ಬರಿ ಸುಮ್ನೆ.”

ಅಳಿಸಿ ಬರೆದೆ.

ಲ್ಯಾಬ್ ನೋಡಿಕೊಳ್ಳುವ ಮ್ಯಾಂಗ್ ಮೇಡಂ ಬಂದು ಪುಟ ನೋಡಿದರು. “೯.೭೯. ಸದ್ಯ, ಬದುಕಿದೆ! ಕಡಿಮೆ ಬಂದಿದ್ರೆ ಬೋಲ್ಟ್ ಸಡಿಲ ಆಗಿದೆ ಅಂತ ಅರ್ಥ, ಏಣಿ ತಂದು ಹತ್ತಬೇಕಿತ್ತು. ಮಧ್ಯಾಹ್ನದ ಬ್ಯಾಚಿಗೂ ಇದೇ ಮೇಜು ಕೊಡ್ತೀನಿ.”

ನಾನು ಹೇಳಲು ಬಾಯಿ ತೆರೆದೆ. ಕ್ಯುಹೋ ಮೇಜಿನಡಿಯಲ್ಲಿ ನನ್ನ ಕಾಲು ತುಳಿದ. ಅಂಕಿ ತಿದ್ದಿದವರಿಗೆ ಸೊನ್ನೆ, ಇಬ್ಬರಿಗೂ. ಮಧ್ಯಾಹ್ನದ ಬ್ಯಾಚಿನಲ್ಲಿ ನನ್ನ ರೂಮ್‌ಮೇಟ್ ಸೋದಮ್ ಇದ್ದಳು. ಗುಂಡಿನ ಮಟ್ಟಕ್ಕೆ ಕಣ್ಣಿಟ್ಟು, ಆ ಚಾಚಿನ ನೇರ ಕೆಳಗೆ ಮಂಡಿಯೂರಿ, ಒಂದು ಕೈ ನೆಲಕ್ಕೂರಿ ಎಣಿಸುವ ಹುಡುಗಿ ಅವಳು. ಅದೂ ಗೊತ್ತಿತ್ತು ನನಗೆ. ಗೊತ್ತಿದ್ದೂ ಬ್ಯಾಗ್ ಹೆಗಲಿಗೇರಿಸಿ ಹೊರಬಂದೆ.

ಕ್ಯಾಂಟೀನಿನಲ್ಲಿ ನನ್ನ ಸೋಯಾ ಸಾರು ಹಾಗೇ ಆರುತ್ತಿತ್ತು. “ಆರು ವರ್ಷ ಬೀಳದ್ದು ಇವತ್ತೇ ಬೀಳುತ್ತಾ?” ಎಂದು ಕ್ಯುಹೋ ನನ್ನ ತಟ್ಟೆಯ ಮೂಲಂಗಿಗೂ ಕೈಹಾಕಿದ. ಆ ಆರು ವರ್ಷ ನಿಜವಾಗಿ ಅಳೆದವರು ಎಷ್ಟು ಜನ ಎಂಬ ಯೋಚನೆ ನನಗೆ ಬಂದದ್ದು ಆಗಲೇ.

ಆಗ ಸೋದಮ್‌ಳ ಮೆಸೇಜ್ ಬಂತು. “ನನಗೆ ೯.೦೪ ಬರ್ತಿದೆ ಕಣೇ. ಬೆಳಿಗ್ಗೆಯವರದ್ದು ಸರಿಯಾಗೇ ಬಂದಿದೆ, ನೀನೇ ಸರಿಯಾಗಿ ಎಣಿಸು ಅಂದ್ರು ಮೇಡಂ. ಇನ್ನೂ ಐವತ್ತು ಸಲ ತೂಗಿಸ್ತೀನಿ.”

“ನಿಲ್ಲಿಸು, ಆಚೆ ಬಾ” ಎಂದು ಟೈಪ್ ಮಾಡಿದೆ. ಓದಿದ ಗುರುತು ಬರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಓಡಿದೆ. ಎರಡನೆಯ ಮಹಡಿಯ ಮೆಟ್ಟಿಲಲ್ಲಿದ್ದಾಗ ಕಬ್ಬಿಣ ನೆಲಕ್ಕೆ ಬಡಿದ ಸದ್ದು ಕೇಳಿಸಿತು, ಆಮೇಲೆ ಯಾರದೋ ಚೀರಾಟ.

ಸೋದಮ್ ಗೋಡೆಗೆ ಒರಗಿ ಕೂತಿದ್ದಳು. ಮ್ಯಾಂಗ್ ಮೇಡಂ ಅವಳ ಬಲಗೈಗೆ ತಮ್ಮ ಬಿಳಿ ಕೋಟು ಸುತ್ತಿ ಒತ್ತಿ ಹಿಡಿದಿದ್ದರು. ಬಟ್ಟೆ ಆಗಲೇ ಕೆಂಪಾಗಿತ್ತು, ಒಳಗೆ ಬೆರಳುಗಳಿರಬೇಕಾದ ಕಡೆ ಚಪ್ಪಟೆಯಾಗಿತ್ತು.

ನನ್ನನ್ನು ನೋಡಿ ಅವಳೆಂದಳು, “ನಾನೇ ಎಲ್ಲೋ ತಪ್ಪು ಎಣಿಸ್ಬಿಟ್ಟೆ ಕಣೇ.”

“ಇಲ್ಲ ಕಣೇ, ನಿನ್ನ ಎಣಿಕೆ ಸರಿಯಾಗಿತ್ತು,” ಎಂದೆ.

ಮೇಡಂ ತಲೆಯೆತ್ತಿ ನನ್ನನ್ನು ದಿಟ್ಟಿಸಿದರು. “ಅದು ನಿನಗೆ ಹೇಗೆ ಗೊತ್ತು?”