ಬಿಗಿಯಪ್ಪನ ಇನ್ನೊಂಚೂರು

ಬಿಗಿಯಪ್ಪನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅವನ ಕೈಗೆ ಸಿಕ್ಕ ಯಾವ ವಸ್ತುವೂ ಹದಕ್ಕೆ ನಿಂತದ್ದಿಲ್ಲ. ನಲ್ಲಿ ತಿರುಗಿಸಿದನೆಂದರೆ ಒಳಗಿನ ವಾಷರ್ ಗೋವಿಂದ. ಸಕ್ಕರೆ ಡಬ್ಬಿಯ ಮುಚ್ಚಳ ಮುಚ್ಚಿದನೆಂದರೆ ಅವನ ಹೆಂಡತಿ ಅದನ್ನು ಬಾಗಿಲ ಸಂದಿಗೆ ಕೊಟ್ಟು, ಬಿಸಿನೀರು ಹೊಯ್ದು, ಕೊನೆಗೆ ತೊಡೆಯ ನಡುವೆ ಇಟ್ಟುಕೊಂಡು ಒದ್ದಾಡಬೇಕು. ಎಷ್ಟೋ ಸಲ ಆ ಮನೆಯಲ್ಲಿ ಸಕ್ಕರೆ ಇದ್ದೂ ಸಪ್ಪೆ ಚಹಾ ಕುಡಿದಿದ್ದಾರೆ. ಕೇಳಿದರೆ ಅವನದು ಒಂದೇ ಮಾತು, "ಇನ್ನೊಂಚೂರು, ಸಮಾಧಾನಕ್ಕೆ." ಯಾರ ಸಮಾಧಾನಕ್ಕೆ ಎಂದು ಕೇಳುವ ಧೈರ್ಯ ಇದ್ದದ್ದು ಮಗಳಿಗೆ ಮಾತ್ರ.

ಬಿಗಿಯಪ್ಪನ ಕಾರು ಗ್ಯಾರೇಜನ್ನು ಈಗ ನಡೆಸುತ್ತಿದ್ದವಳು ಆ ಮಗಳೇ. ಅವಳ ಹತ್ತಿರ ಬಿಗಿ ಸಾಕಾದ ಕೂಡಲೇ "ಟಿಕ್" ಎನ್ನುವ ಉದ್ದನೆಯ ಸ್ಪ್ಯಾನರ್ ಇತ್ತು. ಟಿಕ್ ಎಂದರೆ ಅವಳು ನಿಲ್ಲಿಸಿ, ಬೋಲ್ಟಿನ ತಲೆಗೆ ಕೆಂಪು ನೇಲ್ ಪಾಲಿಶ್‌ನ ಒಂದು ಬೊಟ್ಟಿಡುತ್ತಿದ್ದಳು. ಬಿಗಿಯಾಯಿತು, ಇನ್ನು ಯಾರೂ ಮುಟ್ಟಬೇಡಿ ಎಂದು ಅದರ ಅರ್ಥ. ಬಿಗಿಯಪ್ಪನ ಕಣ್ಣಿಗೆ ಮಾತ್ರ ಅದು ಬಾ ಬಾ ಎಂದು ಕರೆದಂತೆ ಕಾಣುತ್ತಿತ್ತು. ಅವಳು ಅತ್ತ ತಿರುಗಿದರೆ ಇವನು ಇತ್ತ ಬಗ್ಗುತ್ತಿದ್ದ.

ಕೊನೆಗೆ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. "ಅಪ್ಪಾ, ನಾನು ಬೊಟ್ಟಿಟ್ಟಿದ್ದನ್ನ ಇನ್ನೊಂದ್ಸಲ ಮುಟ್ಟಿದ್ರೆ ನಿಂಗೆ ಆ ಕುರ್ಚಿನೇ ಗತಿ. ಬಂದವರಿಗೆಲ್ಲ ನಮಸ್ಕಾರ ಹೇಳ್ಕೊಂಡು ಕೂತಿರು. ಸ್ಪ್ಯಾನರ್ ಮುಟ್ಟೋ ಹಾಗಿಲ್ಲ."

ಕುರ್ಚಿ ಎಂದರೆ ಬಾಗಿಲ ಪಕ್ಕದ ಕಾಲು ಸೊಟ್ಟಗಿದ್ದ ಪ್ಲಾಸ್ಟಿಕ್ ಕುರ್ಚಿ. ಅದನ್ನು ನೆನೆದರೇ ಬಿಗಿಯಪ್ಪ ಮುಖ ತಿರುಗಿಸುತ್ತಿದ್ದ. ಸ್ಪ್ಯಾನರ್ ಇಲ್ಲದ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ಅವನಿಗೆ ಗೊತ್ತಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಆ ದಿನ ಬೆಳಿಗ್ಗೆ ಅವನು ಅದನ್ನೇ ಮಾಡಿದ. ಮಗಳು ಬೇರೊಂದು ಗಾಡಿಗೆ ರಬ್ಬರ್ ಪೈಪು ತರಲು ಹೊರಟವಳು, "ಈ ಕಾರಿಗೆ ನೀರು ತುಂಬ್ಸು ಸಾಕು. ಮುಚ್ಚಳ ಎಲ್ಲ ಕೂರ್ಸಿದೀನಿ" ಎಂದು ಹೇಳಿಹೋದಳು. ಎಂಜಿನ್ನಿನಿಂದ ಬಿಸಿನೀರು ಹೊರಡುವಲ್ಲಿ ಅಲ್ಯೂಮಿನಿಯಮ್ಮಿನ ಒಂದು ಬಟ್ಟಲು, ಅದರ ಮೇಲೊಂದು ಮುಚ್ಚಳ, ಮುಚ್ಚಳಕ್ಕೆ ಬೋಲ್ಟು, ಬೋಲ್ಟಿನ ಮೇಲೆ ಕೆಂಪು ಬೊಟ್ಟು. ಬಿಗಿಯಪ್ಪ ನೀರು ತುಂಬಿಸಲೆಂದೇ ಬಗ್ಗಿದ. ಸ್ಪ್ಯಾನರ್ ಹೇಗೋ ಕೈಗೆ ಬಂತು. "ಇನ್ನೊಂಚೂರು" ಎಂದ.

ಬೋಲ್ಟು ಮೊದಲು ಬೆಣ್ಣೆಯಲ್ಲಿ ತಿರುಗಿದಂತೆ ಮೆತ್ತಗೆ ತಿರುಗಿತು. ಬೋಲ್ಟು ಹಾಗೆ ಮೆತ್ತಗಾದರೆ ಕೆಟ್ಟಿತೆಂದೇ ಲೆಕ್ಕ. ಮರುಕ್ಷಣವೇ ಟಕ್ಕೆಂದಿತು. ಬೋಲ್ಟಿನ ತಲೆ ಬೊಟ್ಟಿನ ಸಮೇತ ಸ್ಪ್ಯಾನರಿನಲ್ಲಿ ಉಳಿಯಿತು, ಮುಂಡ ಬಟ್ಟಲಿನೊಳಗೆ ಹುದುಗಿಹೋಯಿತು.

ಮಗಳು ಬರುವುದರೊಳಗೆ ಮುಂಡ ತೆಗೆದು ಹೊಸ ಬೋಲ್ಟು ಹಾಕಿ ಬೊಟ್ಟಿಟ್ಟುಬಿಟ್ಟರೆ ಬಚಾವು. ಗಡಬಡಿಸಿ ಬಟ್ಟಲನ್ನು ಕಳಚಿ ತಂದು ಬೆಂಚಿಗೆ ಜೋಡಿಸಿದ್ದ ಇಕ್ಕಳಕ್ಕೆ ಕಚ್ಚಿಸಿದ.

ಅಷ್ಟರಲ್ಲಿ ಪಕ್ಕದ ಅಂಗಡಿಯ ಕ್ಷೌರಿಕ ಕಿವಿಗೆ ಬಾಚಣಿಗೆ ಸಿಕ್ಕಿಸಿಕೊಂಡೇ ಬಂದ. ಇಬ್ಬರೂ ಹಳೇ ಗೆಳೆಯರು. ಸಂಜೆ ಬೀಗರನ್ನು ಸ್ಟೇಷನ್ನಿನಿಂದ ಕರೆತರಲು ಅವನಿಗೆ ತನ್ನ ಕಾರು ಬೇಕಿತ್ತು. ಇಕ್ಕಳದಲ್ಲಿದ್ದ ಬಟ್ಟಲು ಆ ಕಾರಿನದೇ. ಆದರೆ ಸೀಟಿನ ಬಟ್ಟೆ ನೋಡಿದರಷ್ಟೇ ಅವನಿಗೆ ತನ್ನ ಕಾರಿನ ಗುರುತು. ಬಾನೆಟ್ಟಿನ ಕೆಳಗಿನದೆಲ್ಲ ಅವನ ಪಾಲಿಗೆ ಪರದೇಶ.

"ಯಾರ್ದು ಇದು?" ಎಂದ ಬಟ್ಟಲನ್ನು ನೋಡಿ.

"ಯಾರ್ದೋ. ಒಳ್ಳೆ ಮನುಷ್ಯ."

"ಪಾಪ, ಒಳ್ಳೆಯವರಿಗೇ ಹೀಗಾಗೋದು," ಎಂದು ಕ್ಷೌರಿಕ ಲೊಚಗುಟ್ಟಿ ಸ್ಟೂಲೆಳೆದು ಕೂತ. "ಉಳಿ ಇಟ್ಟು ಎರಡು ಬಿಗಿ. ಒಡೆದ್ರೆ ನಿನ್ನ ಗಂಟೇನು ಹೋಗುತ್ತೆ?"

ಬಿಗಿಯಪ್ಪ ಉಳಿ ಇಟ್ಟು ಎಡಕ್ಕೆ ತಟ್ಟಿದ. ಅದು ಜಾರಿ ಅವನ ಹೆಬ್ಬೆರಳಿಗೇ ಬಿತ್ತು. ಎಣ್ಣೆ ಬಿಟ್ಟು ಕಾದ. ಎಣ್ಣೆ ಹರಿದು ಕ್ಷೌರಿಕನ ಚಪ್ಪಲಿಗೆ ಹೋಯಿತು, ಬೋಲ್ಟಿಗೆ ಹೋಗಲಿಲ್ಲ. ಕೊನೆಗೆ ಮುಂಡದ ನಟ್ಟನಡುವೆ ಸಣ್ಣ ತೂತು ಕೊರೆದು, ಎಡಕ್ಕೆ ತಿರುಚಿದ ಹಲ್ಲಿರುವ ಗಟ್ಟಿ ಉಕ್ಕಿನ ಕೀಲೊಂದನ್ನು ಅದರೊಳಗೆ ಕಚ್ಚಿಸಿ ಹಿಡಿ ಸಿಕ್ಕಿಸಿದ. ತಿರುಗಿದರೆ ಮುಂಡ ಅದರ ಜೊತೆಗೇ ಬಂದುಬಿಡುತ್ತದೆ. ಆದರೆ ಆ ಕೀಲೇ ಒಳಗೆ ಮುರಿದರೆ ಮುಗಿಯಿತು. ಅದರ ಗಡಸುತನಕ್ಕೆ ಯಾವ ಡ್ರಿಲ್ಲೂ ನಾಟುವುದಿಲ್ಲ, ಬಟ್ಟಲನ್ನು ಗುಜರಿಗೆ ಹಾಕಬೇಕಾಗುತ್ತದೆ.

ಬಿಗಿಯಪ್ಪ ತಿರುಗಿಸಿದ. ಜಗ್ಗಲಿಲ್ಲ. ಒತ್ತಿ ತಿರುಗಿಸಿದ. ಹಣೆಯ ನರ ಉಬ್ಬಿತು.

ಕ್ಷೌರಿಕ ಮುಂದಕ್ಕೆ ಬಗ್ಗಿ ಉತ್ಸಾಹದಿಂದ ಹೇಳಿದ, "ಇನ್ನೊಂಚೂರು ಹಾಕು."

ಬಿಗಿಯಪ್ಪ ಬೆಚ್ಚಿಬಿದ್ದ. ಜನ್ಮವಿಡೀ ತಾನೇ ಹೇಳುತ್ತ ಬಂದ ಮಾತನ್ನು ಅವನು ಇನ್ನೊಬ್ಬರ ಬಾಯಲ್ಲಿ ಕೇಳಿರಲೇ ಇಲ್ಲ. ಎಂಥ ದಡ್ಡ ಮಾತಪ್ಪ ಇದು ಎನ್ನಿಸಿತು. ಅದೇ ಹೊತ್ತಿಗೆ ಅಂಗೈಯಡಿಯಲ್ಲಿ ಕೀಲು ಸ್ವಲ್ಪವೇ ಮೆತ್ತಗಾದಂತಾಯಿತು, ಬೆಳಿಗ್ಗೆ ಆದಂತೆಯೇ. ಕೈ ಮುಂದಕ್ಕೇ ಎಳೆಯುತ್ತಿತ್ತು. ಅವನು ಹಲ್ಲು ಕಚ್ಚಿ ಅದನ್ನು ಹಿಡಿಯಿಂದ ಬಿಡಿಸಿಕೊಂಡು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಯಾಕೆ ನಿಲ್ಸಿದೆ?"

"ಮುರಿಯುತ್ತೆ."

"ಮುರಿದ್ರೆ ಮುರೀಲಿ ಬಿಡು. ನಿಂದಾ?"

ಬಿಗಿಯಪ್ಪ ಎದ್ದುಹೋಗಿ ಬಾಗಿಲ ಪಕ್ಕದ ಸೊಟ್ಟ ಕುರ್ಚಿಯಲ್ಲಿ ತಾನಾಗಿಯೇ ಕೂತ. ಇನ್ನು ಬಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

ಮಗಳು ಪೈಪು ಹೆಗಲಿಗೆ ಹಾಕಿಕೊಂಡು ಬಂದಳು. ಕುರ್ಚಿಯಲ್ಲಿ ಅಪ್ಪನನ್ನು ನೋಡಿದಳು, ಆಮೇಲೆ ಬೆಂಚಿನ ಮೇಲೆ ತಲೆ ಹೋದ ಬೋಲ್ಟನ್ನು ನೋಡಿದಳು. ಅವಳ ಮುಖ ಕೆಂಪಾಯಿತು. ಬಾಯಿ ತೆರೆದವಳು ನೆಟ್ಟಗೆ ನಿಂತಿದ್ದ ಕೀಲನ್ನು ಕಂಡು ಹಾಗೇ ಮುಚ್ಚಿದಳು. ಬಗ್ಗಿ ಅದನ್ನು ಎಲ್ಲ ಕಡೆಯಿಂದ ನೋಡಿದಳು.

"ಇದು ಮುರಿದಿಲ್ವಲ್ಲ," ಎಂದಳು.

"ನಿಲ್ಲಿಸ್ದೆ," ಎಂದ ಬಿಗಿಯಪ್ಪ ನೆಲ ನೋಡುತ್ತ.

"ನೀನಾ?"

ಅವನು ಹೌದೆಂದು ತಲೆಯಾಡಿಸಿದ. ಅವಳು ಕೀಲನ್ನು ಮೆಲ್ಲಗೆ ಬಿಡಿಸಿ ತೆಗೆದು, ಗ್ಯಾಸ್ ಉರಿಯಿಂದ ಬಟ್ಟಲನ್ನು ಮುಂಡದ ಸುತ್ತ ಕಾಯಿಸಿ, ಬಿಸಿಗೆ ಮೇಣದಬತ್ತಿ ಮುಟ್ಟಿಸಿದಳು. ಮೇಣ ಕರಗಿ ಬೋಲ್ಟಿನ ಸುತ್ತುಗೆರೆಗಳ ಸಂದಿಯೊಳಕ್ಕೆ ಇಳಿಯಿತು. "ಸಂಜೆಗೆ ನಿಮ್ಮ ಗಾಡಿ ಸಿಗುತ್ತೆ ಮಾವ, ಗಾಬರಿ ಆಗ್ಬೇಡಿ," ಎಂದಳು ಕ್ಷೌರಿಕನಿಗೆ.

"ನನ್... ಇದು ನಂದಾ?" ಕ್ಷೌರಿಕ ಇಂಗು ತಿಂದ ಮಂಗನಂತಾದ. ಆಮೇಲೆ ಉಸಿರು ಬಿಡಲೂ ಹೆದರಿ, "ಮೆಲ್ಲಗೆ ತಾಯೀ, ಮೆಲ್ಲಗೆ" ಎನ್ನುತ್ತಲೇ ಇದ್ದ.

ಅವಳು ಕೀಲನ್ನು ಮತ್ತೆ ಕಚ್ಚಿಸಿ ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಆಡಿಸಿದಳು. ಮುಂಡ ಕಿರುಗುಟ್ಟಿ, ಮುನಿಸು ಬಿಟ್ಟ ಮಗುವಿನಂತೆ ಹೊರಗೆ ಬಂತು. ಬಟ್ಟಲು, ಮುಚ್ಚಳ ಮತ್ತೆ ಕೂತವು. ಹೊಸ ಬೋಲ್ಟನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಅವಳು ಟಿಕ್ ಎನ್ನುವ ಸ್ಪ್ಯಾನರನ್ನು ಅಪ್ಪನ ಕಡೆ ಚಾಚಿದಳು.

ಆ ಸ್ಪ್ಯಾನರನ್ನು ಬಿಗಿಯಪ್ಪ ಈವರೆಗೆ ಹೀಯಾಳಿಸಿದ್ದೇ ಹೀಯಾಳಿಸಿದ್ದು. ಈಗ ಎರಡೂ ಕೈಯಲ್ಲಿ ಹಿಡಿದ. ಟಿಕ್ ಎಂದಿತು. ಗ್ಯಾರೇಜೆಲ್ಲ ಅವನ ಕೈಯನ್ನೇ ನೋಡುತ್ತಿತ್ತು. ಅವನು ಬಿಟ್ಟ. ಮಗಳು ಬೊಟ್ಟಿಟ್ಟಳು. ಕುರ್ಚಿಯ ವಿಷಯ ಕೇಳಲು ಅವನಿಗೆ ಬಾಯಿ ಬರಲಿಲ್ಲ, ಅವಳೂ ಎತ್ತಲಿಲ್ಲ.

ಸಂಜೆ ಮನೆಯಲ್ಲಿ ಬಿಗಿಯಪ್ಪ ತನ್ನ ಚಹಾಕ್ಕೆ ಸಕ್ಕರೆ ಹಾಕಿಕೊಂಡು ಡಬ್ಬಿಯ ಮುಚ್ಚಳ ತಿರುಗಿಸಿದ. ಇನ್ನು ಸಾಕೆನ್ನಿಸಿದಲ್ಲಿ "ಟಿಕ್" ಎಂದು ತಾನೇ ಪಿಸುಗುಟ್ಟಿ ಕೈ ತೆಗೆದ.

ಮಗಳು ಬಂದು ಚಹಾ ಕೇಳಿದಾಗ ಹೆಂಡತಿ ಡಬ್ಬಿಯನ್ನು ಎಂದಿನಂತೆ ಎದೆಗವಚಿ, ಕಾಲೂರಿ, ಉಸಿರು ಬಿಗಿಹಿಡಿದು ತಿರುಚಿದಳು. ಮುಚ್ಚಳ ಹಾರಿ ಸಕ್ಕರೆಯೆಲ್ಲ ನೆಲಕ್ಕೆ ಬಿತ್ತು. ಅವಳು ಸಕ್ಕರೆ ನೋಡಿದಳು, ಗಂಡನನ್ನು ನೋಡಿದಳು. ಓಡಿಬಂದು ಅವನ ಹಣೆ ಮುಟ್ಟಿದಳು.

"ಜ್ವರ ಇಲ್ವಲ್ಲ! ಎಲ್ಲಿ, ನಾಲಿಗೆ ತೋರ್ಸಿ."

ಬಿಗಿಯಪ್ಪ ನಾಲಿಗೆ ತೋರಿಸಿದ. ಮಗಳು ನಕ್ಕು ನಕ್ಕು ಸಕ್ಕರೆ ಗುಡಿಸಿದಳು, ಮುಚ್ಚಳವನ್ನು ಅಪ್ಪನ ಕೈಗೇ ಕೊಟ್ಟು ಮುಚ್ಚಿಸಿದಳು. ಆಮೇಲೆ ಜೇಬಿನಿಂದ ನೇಲ್ ಪಾಲಿಶ್ ತೆಗೆದು ಅದರ ಮೇಲೊಂದು ಬೊಟ್ಟಿಟ್ಟಳು.

"ನಾಳೆ ಬ್ರೇಕ್ ಕೆಲಸ ಇದೆ," ಎಂದಳು. "ಬೇಗ ಬಾ. ನಿನ್ನ ಸ್ಪ್ಯಾನರ್ ತಾ."

ಬಿಗಿಯಪ್ಪನಿಗೆ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು ಡಬ್ಬಿಯ ಮೇಲಿನ ಬೊಟ್ಟನ್ನೇ ನೋಡುತ್ತ ಕೂತ. ಅದು ಬಾ ಬಾ ಎಂದು ಕರೆಯಿತು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡ.