ಕೆಂಚಿ ನೆಕ್ಕಿದ ಕೈ

ಉಗುರಿನ ಸದ್ದು, ಟಕ್ ಟಕ್ ಅಂತ ಕಲ್ಲಿನ ನೆಲದ ಮೇಲೆ, ಬೆಕ್ಕಿನದಲ್ಲ, ನಾಯಿಯದೇ — ಗಾದ್ರಪ್ಪ ಮಂಚದ ಮೇಲೆ ಕತ್ತು ಹೊರಳಿಸಲು ನೋಡಿದ, ಆಗಲಿಲ್ಲ, ಬಾಗಿಲಲ್ಲಿ ಜಗಳೂರಿನ ಮಧ್ಯಾಹ್ನದ ಬಿಸಿಲು ಬಿಟ್ಟರೆ ಏನೂ ಇಲ್ಲ, ಬೊಮ್ಮಕ್ಕ, ನಾಯಿ ಬಂತೇನೆ, ಯಾವ ನಾಯೀನೂ ಇಲ್ಲ, ಸುಮ್ಕೆ ಮಲಗ್ರಿ, ಹೆಂಡತಿ ಮಂಚದ ಕಾಲ ಬಳಿಯೇ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಾಳೆ, ಡಾಕ್ಟರು ಮೊನ್ನೆ ಅಂಗಳದಲ್ಲಿ ನಿಂತು ಅವಳಿಗೆ ಹೇಳಿದ್ದು ಅವನ ಕಿವಿಗೂ ಬಿದ್ದಿದೆ, ಕೇಳಿದ್ದು ತಿನ್ನಾಕೆ ಕೊಡಿ ಅಂದರು, ಸಾಯುವುದಕ್ಕೆ ಹೆದರಿಕೆಯಿಲ್ಲ, ಆಚೆ ದಾರಿಯಲ್ಲಿ ಆ ನಾಯಿಗಳೆಲ್ಲ ನಿಂತಿದ್ದರೆ, ಒಂದೊಂದೇ ಎದ್ದು ಬಂದರೆ, ಅದಕ್ಕೆ ಹೆದರಿಕೆ, ಅದಕ್ಕೆ ಮೊದಲು ಈ ಕೈ ತೊಳೆಯಬೇಕು, ಬೊಮ್ಮಕ್ಕ, ಕೈ ತೊಳೆಯೇ, ಈಗಿನ್ನೂ ಸೋಪು ಹಚ್ಚಿ ತೊಳೆದ್ನಲ್ರೀ, ಇನ್ನೊಂದ್ಸಲ ತೊಳೆ, ಬಲಗೈ.

ಆ ಬಲಗೈಯಲ್ಲೇ ಮಾಂಸಕ್ಕೆ ವಿಷ ಕಲಸಿದ್ದು, ಎಮರ್ಜೆನ್ಸಿ ವರ್ಷ, ನ್ಯಾಮತಿ ಆಚೆಯ ಊರಿನ ಪಂಚಾಯ್ತಿ ಕಚೇರಿಯಲ್ಲಿ ಜವಾನನಾಗಿದ್ದಾಗ, ಹುಚ್ಚುನಾಯಿ ಕಚ್ಚಿ ಒಬ್ಬ ಹೆಂಗಸು ನೀರು ಕಂಡರೆ ಕಿರುಚಿಕೊಂಡು ಕಿರುಚಿಕೊಂಡೇ ಸತ್ತಳು, ಏಳು ಜನ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕಿಸಿಕೊಂಡರು, ಸಾಹೇಬರು ಬಿಳಿ ಪುಡಿಯ ಡಬ್ಬಿ ಕೈಗಿಟ್ಟು ನಾಯಿಗಳು ನಿನ್ನ ನಂಬ್ತವೆ ಗಾದ್ರಪ್ಪ, ನೀನೇ ಹಾಕು ಅಂದರು — ನಂಬಿದ್ದವು, ಬಸ್ ಸ್ಟ್ಯಾಂಡಿನ ಕುಂಟ, ಹೋಟೆಲ್ ಹಿಂದಿನ ಬಾಣಂತಿ, ಬಾಲ ಅಲ್ಲಾಡಿಸಿಕೊಂಡು ಬಂದು ಮಾಂಸ ತಿಂದು ಇನ್ನೂ ಇದೆಯಾ ಅಂತ ಅವನ ಮುಖವನ್ನೇ ನೋಡಿದವು, ಮನೆಯ ನಾಯಿ ಕೆಂಚಿಯನ್ನು ಮಾತ್ರ ಹಿತ್ತಲಲ್ಲಿ ಕಟ್ಟಿಹಾಕಿ ಬಂದಿದ್ದ, ಹೊಸ ಹಗ್ಗ, ಎರಡು ಗಂಟು, ದಿನಾ ಕಚೇರಿಗೆ ಹಿಂದೆಯೇ ಬರುತ್ತಿದ್ದದ್ದು ಅವತ್ತೂ ಬಂತು, ಹಗ್ಗ ಕಡಿದುಕೊಂಡು, ಬಾವಿಕಟ್ಟೆಯಲ್ಲಿ ಅವನಿನ್ನೂ ನೀರು ಸೇದಿರಲಿಲ್ಲ, ಬಂದದ್ದೇ ಕೈ ನೆಕ್ಕಿತು, ಬೆರಳ ಸಂದಿಯ ಚೂರೂ ಬಿಡದೆ ನೆಕ್ಕಿತು, ಒದ್ದ, ಒದೆ ತಿಂದು ಮತ್ತೆ ಬಂತು, ಎತ್ತಿಕೊಂಡು ಮನೆಗೆ ಓಡಿದ, ಹುಣಿಸೆಹಣ್ಣಿನ ನೀರು ಕುಡಿಸಿದ, ಬೊಮ್ಮಕ್ಕನ ಮಡಿಲಲ್ಲಿ ಸೆಟೆದುಕೊಂಡಿತು, ಏನಾತ್ರೀ ಇದಕ್ಕೆ, ಏನೋ ತಿಂದಿರಬೇಕು ಅಂದ, ಅಷ್ಟೇ ಅಂದ, ಎಂಟು ವರ್ಷವಾಯಿತು.

ಟಕ್ ಟಕ್, ಮಂಚದ ಹತ್ತಿರಕ್ಕೇ ಬಂತು, ಈ ಮನೆ ಅದಕ್ಕೆ ಹೇಗೆ ಗೊತ್ತು, ಅದು ಸತ್ತ ಮೇಲೆ ಸ್ವಂತ ಊರು ಅಂತ ಅವರಿಬ್ಬರೂ ಬಸ್ಸಿನಲ್ಲಿ ಬಂದವರು, ಅದು ಹೊನ್ನಾಳಿಯಲ್ಲಿ ಹೊಳೆ ದಾಟಬೇಕಲ್ಲ, ಈಜಿತೋ, ಸೇತುವೆ ಮೇಲೆ ಲಾರಿಗಳ ನಡುವೆ ಬಂತೋ, ಲಾರಿ ಈಗ ಅದನ್ನೇನು ಮಾಡೀತು — ಬೊಮ್ಮಕ್ಕ ತಂಬಿಗೆ ಬೋಗುಣಿ ತಂದಳು, ತಣ್ಣೀರು ಹೊಯ್ದಳು, ಹೇಳಿಬಿಡಬೇಕು, ಈಗಲೇ, ಕೆಂಚಿ ನನ್ನ ಕೈ ನೆಕ್ಕೇ ಸತ್ತಿದ್ದು ಕಣೆ, ಗೊತ್ತೈತೆ, ಬೆರಳು ಉಜ್ಜುತ್ತಲೇ ಅಂದಳು, ಅವತ್ತಿಂದ ಚಮಚದಾಗೆ ಉಣ್ತಿದೀರಿ, ನಂಗೆ ಗೊತ್ತಾಗಲ್ವ, ಮತ್ತೆ ಯಾಕೆ ಕೇಳಲಿಲ್ಲ, ಕೇಳಿದ್ರೆ ಅದೊಂದು ಚಮಚಾನೂ ಉಣ್ತಿರ್ಲಿಲ್ಲ ನೀವು.

ಅವಳು ಸೆರಗಿನಲ್ಲಿ ಅಂಗೈ ಒರೆಸಿದಳು, ಒಣಗಿತು, ಮಂಚದ ಅಂಚಿಗೆ ಇಟ್ಟಳು, ಆಗ ಬೆಚ್ಚಗಿನ ಒರಟು ನಾಲಿಗೆ, ಅಯ್ಯೋ ಬೇಡ, ಕೆಂಚಿ, ನೆಕ್ಕಬೇಡ, ವಿಷ ಐತೆ, ಕೈ ಎಳೆದುಕೊಳ್ಳಲು ಬಲವಿಲ್ಲ, ಮೊದಲು ಹೆಬ್ಬೆರಳು, ಆಮೇಲೆ ಒಂದೊಂದೇ ಬೆರಳ ಸಂದಿ, ಅವನು ಉಸಿರು ಹಿಡಿದು ಕಾದ, ಈಗ ಸೆಟೆಯುತ್ತದೆ, ಈಗ, ಸೆಟೆಯಲಿಲ್ಲ, ಬಾಲ ಮಂಚದ ಕಾಲಿಗೆ ಬಡಿಯುತ್ತಲೇ ಇದೆ, ಸತ್ತದ್ದಕ್ಕೆ ಮತ್ತೇನಾಗಬೇಕು, ಇನ್ನು ಎಷ್ಟು ನೆಕ್ಕಿದರೂ ಏನೂ ಆಗುವುದಿಲ್ಲ, ಬೊಮ್ಮಕ್ಕ ಆ ಕೈಯನ್ನು ಎತ್ತಿ ನೋಡಿದಳು, ಈಗ ಒರೆಸಿದ್ನಲ್ರೀ, ಬೆರಳೆಲ್ಲ ಮತ್ತೆ ಒದ್ದೆ ಆಗೈತೆ, ಮೂಸಿ ನೋಡಿದಳು, ಆಮೇಲೆ ಮಂಚದ ಕೆಳಗೆ, ಏನೂ ಕಾಣದ ಕಡೆಗೆ, ಬಂದ್ಯೇನೆ ಕೆಂಚಿ, ಅಂದಳು, ಎದ್ದು ಹೋಗಿ ಬಾಗಿಲಿನ ಇನ್ನೊಂದು ರೆಕ್ಕೆಯನ್ನೂ ತೆರೆದಿಟ್ಟಳು.

ಬೀದಿ ತುಂಬ ಇವೆ, ಕುಂಟ, ಬಾಣಂತಿ, ಅದರ ಮರಿಗಳು, ಯಾವುದೂ ಬೊಗಳುತ್ತಿಲ್ಲ, ಬಿಸಿಲು ಕಾಯಿಸಿಕೊಂಡು ಮಲಗಿವೆ, ಕುಂಟ ಎದ್ದು ಮೈ ಮುರಿಯಿತು, ನಾಲ್ಕೂ ಕಾಲು ಊರಿ ನಿಂತಿತು, ಕೆಂಚಿ ಹೊಸ್ತಿಲು ದಾಟಿತು, ಎರಡು ಹೆಜ್ಜೆ ಹೋಗಿ ತಿರುಗಿ ನೋಡಿತು, ಬೊಮ್ಮಕ್ಕ ಏನೋ ಅನ್ನುತ್ತಿದ್ದಾಳೆ, ಅವನ ಕೈ ಅವಳ ಎರಡೂ ಕೈಯೊಳಗಿದೆ, ತಡಿ ಬಂದೆ, ಚಪ್ಪಲಿ ಎಲ್ಲಿ, ಚಪ್ಪಲಿ ಯಾಕೆ, ಮತ್ತೆ ಎರಡು ಹೆಜ್ಜೆ, ತಿರುಗಿ ನೋಡಿತು, ಬಿಸಿಲಲ್ಲಿ ಕೆಂಪಗೆ ಹೊಳೆಯುವ ಕಿವಿ, ತಿರುಗಿ ನೋಡಿತು, ಒಂದು ಕಿವಿ ನೆಟ್ಟಗೆ, ಒಂದು ಮಡಚಿ.